ಕದ್ದವನು ಮತ್ತು ಕೊಂಡವನು

ನಮ್ಮ ಸೀಮೆಗೆ ಕಾಫಿ ಬಂದ ಕಥೆಯನ್ನು ಇಲ್ಲಿನ ಮಕ್ಕಳೂ ಬಲ್ಲರು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪ್ರತೀತಿ. ಮೊಳೆಯಬಲ್ಲ ಬೀಜವನ್ನು ಹೊರನಾಡಿಗೆ ಒಯ್ಯಬಾರದೆಂಬ ಕಟ್ಟಪ್ಪಣೆ ಅಲ್ಲಿತ್ತೆಂದೂ, ಅದನ್ನು ಮರೆಮಾಚಿ ತರಬೇಕಾಯಿತೆಂದೂ ಅದೇ ಪ್ರತೀತಿ ಹೇಳುತ್ತದೆ. ಆ ಬೀಜಗಳ ಸಂತತಿಯಿಂದ ಅನ್ನ ಉಣ್ಣುತ್ತಿರುವ ನಾವು ಯಾರೂ ಅದನ್ನು ಕಳ್ಳಸಾಗಣೆಯೆಂದು ಕರೆಯುವುದಿಲ್ಲ; ಲೋಕೋಪಕಾರವೆಂದು ಕರೆಯುತ್ತೇವೆ. ಅಪರಾಧವೆಂಬುದು ಕೃತ್ಯದಲ್ಲಿ ಮಾತ್ರ ಇರುವುದೋ, ಅಥವಾ ಅದಕ್ಕೆ ಹೆಸರಿಡುವ ಸಮಾಜದ ನೋಟದಲ್ಲಿಯೂ ಇರುವುದೋ ಎಂಬ ಪ್ರಶ್ನೆಗೆ ನಮ್ಮ ತೋಟಗಳ ಚರಿತ್ರೆ ಹೀಗೆ ಮೊದಲ ಪುಟದಲ್ಲಿಯೇ ಎಡೆಮಾಡಿಕೊಡುತ್ತದೆ.

ಈ ಪ್ರಶ್ನೆ ಕೇವಲ ತರ್ಕದ ವಿಷಯವಲ್ಲ. ನಮ್ಮ ತಂದೆಯವರ ತಲೆಮಾರಿನವರು ಅದನ್ನು ಬದುಕಿದ್ದಾರೆ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ತಾನು ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮನೆಬಳಕೆಗೆಂದು ಬಿಟ್ಟುಕೊಟ್ಟ ಅಲ್ಪ ಪ್ರಮಾಣವನ್ನುಳಿದು, ತನ್ನ ಗಿಡದ ಹಣ್ಣನ್ನು ತಾನೇ ಇನ್ನೊಬ್ಬರಿಗೆ ಮಾರುವುದು ಅಪರಾಧವಾಗಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಒಂದು ಸುಗ್ಗಿಯ ಕೊನೆಯ ಕಂತು ಕೈಸೇರುವಷ್ಟರಲ್ಲಿ ಮುಂದಿನ ಸುಗ್ಗಿಯೂ ಮುಗಿದಿರುತ್ತಿತ್ತು. ಮಗಳ ಮದುವೆಗೋ ವೈದ್ಯಕ್ಕೋ ಕೈ ಖಾಲಿಯಾದಾಗ ರಾತ್ರಿಯ ವೇಳೆ ನಾಲ್ಕು ಮೂಟೆಗಳನ್ನು ಸಾಗಿಸಿದವರು ಈ ಬೆಟ್ಟಗಳಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಅವರನ್ನು ಊರು ಕಳ್ಳರೆಂದು ಕರೆಯಲಿಲ್ಲ. 1992ರಿಂದ ಈ ಕಟ್ಟುಪಾಡು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಪೂರ್ಣವಾಗಿ ತೆರವಾಯಿತು. ಒಂದು ಸುಗ್ಗಿಯಲ್ಲಿ ದಂಡಾರ್ಹವಾಗಿದ್ದ ಕೃತ್ಯ ಇನ್ನೊಂದು ಸುಗ್ಗಿಯಲ್ಲಿ ಸಹಜ ವ್ಯಾಪಾರವಾಯಿತು.

ಹಾಗಾದರೆ ಕಳ್ಳತನವೆಂಬುದು ಸರಕಾರದ ಗೆಜೆಟ್ಟಿನೊಡನೆ ಹುಟ್ಟಿ ಸಾಯುವ ಸಂಗತಿಯೇ? ಅಲ್ಲವೆಂದು ನಮ್ಮ ಅಂತಃಕರಣ ಹೇಳುತ್ತದೆ. ಆದರೆ ಏಕೆ ಅಲ್ಲ ಎಂಬುದನ್ನು ವಿವರಿಸಲು ಕಾಯಿದೆಗಿಂತ ಹಳೆಯದೂ ಸೂಕ್ಷ್ಮವೂ ಆದ ಒಂದು ಅಳತೆಗೋಲು ಬೇಕಾಗುತ್ತದೆ. ಆ ಅಳತೆಗೋಲು ಶ್ರಾವಕರಾದ ನಮ್ಮ ಮನೆಯಲ್ಲಿಯೇ ಇದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು ಅಥವಾ ಅನುಮೋದಿಸುವುದು ಸ್ತೇನಪ್ರಯೋಗ. ಕದ್ದು ತಂದ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ. ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು ತೂಕ ಬಳಸುವುದು ಹೀನಾಧಿಕಮಾನೋನ್ಮಾನ. ಕೀಳು ವಸ್ತುವನ್ನು ಬೆರೆಸಿ ಉತ್ತಮ ವಸ್ತುವೆಂದು ಮಾರುವುದು ಪ್ರತಿರೂಪಕವ್ಯವಹಾರ.

ಬೇಲಿ ಹಾರಿ ಕದಿಯುವವನು ವ್ರತವನ್ನೇ ಮುರಿದವನು. ಅವನ ವಿಷಯದಲ್ಲಿ ಸಂದೇಹವಿಲ್ಲ, ಆದ್ದರಿಂದ ಪಟ್ಟಿಯ ಅವಶ್ಯಕತೆಯೂ ಇಲ್ಲ. ಈ ಐದೂ ದೋಷಗಳು ತಾನು ಕಳ್ಳನಲ್ಲವೆಂದು ನಂಬಿರುವ, ವ್ರತ ಹಿಡಿದಿರುವ, ಹಗಲಿನಲ್ಲಿ ಅಂಗಡಿಯ ಬಾಗಿಲು ತೆರೆದು ಕುಳಿತಿರುವ ಗೃಹಸ್ಥನವು. ಆಚಾರ್ಯರ ದೃಷ್ಟಿ ಬಿದ್ದಿರುವುದು ಕತ್ತಲಿನ ಮೇಲಲ್ಲ, ತಕ್ಕಡಿಯ ಮೇಲೆ.

ಈ ಅಳತೆಗೋಲನ್ನು ಹಿಡಿದು ನಾನು ಕಂಡ ಒಂದು ಪ್ರಕರಣವನ್ನು ನೋಡಬಯಸುತ್ತೇನೆ. 1994ರ ನಡುವಿನಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಬೆಳೆ ಸುಟ್ಟುಹೋಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು. ಆ ಸುಗ್ಗಿಯಲ್ಲಿ ಕಳಸದ ಕಡೆಯ ಸಣ್ಣ ತೋಟಗಳಿಗೂ ಹಿಂದೆಂದೂ ಕಾಣದ ಹಣದ ವಾಸನೆ ಬಂದಿತು. ಅದರ ಹಿಂದೆಯೇ ಕಣದ ಕಳವೂ ಬಂದಿತು. ನಮ್ಮ ತೋಟದ ಲೈನಿನಲ್ಲಿದ್ದ ಕುಟುಂಬವೊಂದರ ಹದಿನೆಂಟು ವರ್ಷದ ಹುಡುಗನು ಒಂದು ರಾತ್ರಿ ಅರ್ಧ ಚೀಲ ಒಣಗಿದ ಚೆರ್ರಿಯೊಂದಿಗೆ ಕಾವಲುಗಾರನ ಕೈಗೆ ಸಿಕ್ಕಿಬಿದ್ದನು. ಬೆಳಗಾಗುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕಾರು ತೋಟಗಳವರು ನಮ್ಮ ಕಣದಲ್ಲಿ ಸೇರಿದ್ದರು. ಸಿಲ್ವರ್ ಮರಕ್ಕೆ ಕಟ್ಟಿಹಾಕಿ ನಾಲ್ಕು ಬಿಗಿದರೆ ಉಳಿದವರಿಗೂ ಬುದ್ಧಿ ಬರುತ್ತದೆ ಎಂಬುದು ಹಲವರ ಅಭಿಪ್ರಾಯವಾಗಿತ್ತು.

ನಮ್ಮ ತಂದೆಯವರು ಹುಡುಗನಿಗೆ ಕುಡಿಯಲು ನೀರು ಕೊಡಿಸಿ, ಕೂರಿಸಿ, ಒಂದೇ ಪ್ರಶ್ನೆ ಕೇಳಿದರು: "ಎಲ್ಲಿಗೆ ಒಯ್ಯುತ್ತಿದ್ದೆಯಪ್ಪಾ?"

ಹುಡುಗ ತಲೆ ಎತ್ತಲಿಲ್ಲ. ಅವನ ತಾಯಿ ಹೇಳಿದಳು. "ಧಣಿ, ಇವನ ಅಪ್ಪನ ಔಷಧಿಗೆ ಅಲ್ಲಿ ಸಾಲ ತೆಗೆದಿದ್ದೆವು. ಕಾಫಿಯಾದರೂ ತಂದು ಹಾಕು ಅಂದರು."

ಅವಳು ಹೆಸರಿಸಿದ್ದು ಊರಿನ ಒಬ್ಬ ಪ್ರತಿಷ್ಠಿತ ವರ್ತಕರನ್ನು. ದೇವಸ್ಥಾನದ ಉತ್ಸವಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು, ಮಳೆಗಾಲದ ಬಿಗಿಯ ದಿನಗಳಲ್ಲಿ ಬೆಳೆಗಾರರಿಗೆ ಮುಂಗಡ ಹಣ ಕೊಡುತ್ತಿದ್ದವರು. ಮಾರುಕಟ್ಟೆಯ ಬೆಲೆಯ ಮೂರರಲ್ಲೊಂದು ಭಾಗಕ್ಕೆ ಆ ಅರ್ಧ ಚೀಲ ಅಲ್ಲಿ ಸಾಲಕ್ಕೆ ವಜಾ ಆಗುವುದಿತ್ತು.

ಕಣದಲ್ಲಿ ಒಂದು ಕ್ಷಣ ಮೌನವಾಯಿತು. ಆಮೇಲೆ ಮಾತು ಮತ್ತೆ ಹುಡುಗನ ಕಡೆಗೇ ತಿರುಗಿತು. ವರ್ತಕರ ಹೆಸರನ್ನು ಎರಡನೆಯ ಬಾರಿ ಯಾರೂ ಎತ್ತಲಿಲ್ಲ. ಪೋಲೀಸಿಗೆ ಕೊಡುವುದು ಬೇಡ, ಹೊಡೆಯುವುದೂ ಬೇಡ. ಆದರೆ ಈ ಕುಟುಂಬಕ್ಕೆ ಸುತ್ತಿನ ಯಾವ ತೋಟದಲ್ಲಿಯೂ ಕೆಲಸ ಕೊಡಬಾರದು ಎಂದು ಮಾತಾಯಿತು. ಯಾವ ಕಾಗದದಲ್ಲಿಯೂ ಬರೆಯದ ಆ ತೀರ್ಪು ಸಂಜೆಯೊಳಗೆ ಸಂಸೆಯವರೆಗೂ ತಲುಪಿತ್ತು. ತಂದೆಯವರು ತಮ್ಮ ತೋಟದಲ್ಲಿ ಅವರು ಇರಬಹುದೆಂದು ಹೇಳಿದ್ದುಂಟು. ಮೂರನೆಯ ದಿನ ಬೆಳಿಗ್ಗೆ ಲೈನಿನ ಮನೆ ಬರಿದಾಗಿತ್ತು. ನಮ್ಮ ಮನೆಯಿಂದ ಎರವಲು ಒಯ್ದಿದ್ದ ಪಾತ್ರೆಯನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕಿ ಹೋಗಿದ್ದರು.

ತಂದೆಯವರು ಮುಂದೆ ಆ ವರ್ತಕರಿಗೆ ಒಂದು ಕಾಳನ್ನೂ ಮಾರಲಿಲ್ಲ, ಮುಂಗಡವನ್ನೂ ಪಡೆಯಲಿಲ್ಲ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ತಾವೇ ಲಾರಿ ಬಾಡಿಗೆ ಕೊಟ್ಟು ಕಳುಹಿಸುತ್ತಿದ್ದರು, ಹಣಕ್ಕಾಗಿ ಕಾಯುತ್ತಿದ್ದರು. 2001ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಮುಂಗಡವಿಲ್ಲದೆ ನಮ್ಮ ಮನೆ ಬಹಳ ಕಷ್ಟಪಟ್ಟಿತು. ತಾಯಿಯವರ ಬಳೆಗಳು ಸಹಕಾರಿ ಬ್ಯಾಂಕಿನ ಪೆಟ್ಟಿಗೆ ಸೇರಿದವು. "ಅವನು ಕದ್ದದ್ದು ನಮ್ಮದನ್ನು. ಇವರು ಕೊಂಡದ್ದೂ ನಮ್ಮದನ್ನೇ. ಒಬ್ಬನಿಗೆ ಬಾಗಿಲು ಹಾಕಿ ಇನ್ನೊಬ್ಬರ ಬಾಗಿಲಿಗೆ ಹೋಗಲು ನನಗೆ ಕಾಲು ಬರುವುದಿಲ್ಲ" ಎಂದು ಅವರು ತಾಯಿಯವರಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ಅವರು ಎಂದೂ ಮಾಡಲಿಲ್ಲ.

ಸಮಾಜಶಾಸ್ತ್ರಜ್ಞರಿಗೆ ಈ ಕಣದ ಪಂಚಾಯಿತಿಯಲ್ಲಿ ಹೊಸದೇನೂ ಕಾಣಲಾರದು. ಅಪರಾಧವಿಲ್ಲದ ಸಮಾಜವೇ ಇಲ್ಲವೆಂದೂ, ಅಪರಾಧಿಯನ್ನು ಶಿಕ್ಷಿಸುವಾಗ ಉಳಿದವರೆಲ್ಲ ಒಂದಾಗುತ್ತಾರೆಂದೂ ಫ್ರಾನ್ಸಿನ ಎಮಿಲ್ ಡರ್ಖೈಮ್ 19ನೆಯ ಶತಮಾನದ ಕೊನೆಯಲ್ಲಿಯೇ ವಿವರಿಸಿದ್ದರು. ಅಂದು ನಮ್ಮ ಕಣದಲ್ಲಿಯೂ ಹಾಗೆಯೇ ಆಯಿತು. ಗಡಿಯ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ನೆರೆಯವರು ಆ ಬೆಳಿಗ್ಗೆ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಅಮೆರಿಕೆಯ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿ ತಮ್ಮ ಅಧ್ಯಕ್ಷ ಭಾಷಣದಲ್ಲಿ ಇನ್ನೊಂದು ಮಾತನ್ನು ಮುಂದಿಟ್ಟರು. ಅಪರಾಧವನ್ನು ಬಡತನದೊಂದಿಗೆ ಗಂಟುಹಾಕುವುದು ತಪ್ಪು. ಗೌರವಸ್ಥರು ತಮ್ಮ ವೃತ್ತಿಯ ನಡುವೆಯೇ ಎಸಗುವ ಅಪರಾಧಗಳು ಸಮಾಜಕ್ಕೆ ಹೆಚ್ಚು ಹಾನಿಕರವಾದರೂ ಲೆಕ್ಕಕ್ಕೆ ಬರುವುದಿಲ್ಲ ಎಂದು. ಇದನ್ನೇ ಬಿಳಿ ಕಾಲರಿನ ಅಪರಾಧವೆಂದು ಇಂದು ಕರೆಯುತ್ತಾರೆ. ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಇದು ಅಪರಿಚಿತ ವಿಚಾರವೇನೂ ಅಲ್ಲ.

ನಮ್ಮ ದೇಶದ ಕಾನೂನು ಕೂಡ ಕೊಂಡವನನ್ನು ಮರೆತಿಲ್ಲ. ಹಳೆಯ ಭಾರತೀಯ ದಂಡಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ 379ನೆಯ ಕಲಮು, ಕಳವಿನ ಮಾಲೆಂದು ತಿಳಿದೂ ಪಡೆದುಕೊಳ್ಳುವುದಕ್ಕೆ 411ನೆಯ ಕಲಮು. ಎರಡಕ್ಕೂ ಮೂರು ವರ್ಷಗಳವರೆಗಿನ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಸಮಾನತೆ ಉಳಿದಿದೆ. ಅಷ್ಟೇ ಅಲ್ಲ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿಗೆ ಶಿಕ್ಷೆಗೊಳಗಾಗುವವನು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ, ಅವನಿಗೆ ಸೆರೆವಾಸದ ಬದಲು ಸಮುದಾಯ ಸೇವೆಯ ಶಿಕ್ಷೆಯನ್ನು ಹೊಸ ಸಂಹಿತೆ ವಿಧಿಸುತ್ತದೆ. ನೌಕರನು ಒಡೆಯನ ಸೊತ್ತನ್ನು ಕದ್ದರೆ ಮಾತ್ರ ಏಳು ವರ್ಷಗಳವರೆಗಿನ ಕಠಿಣ ಶಿಕ್ಷೆಯುಂಟು. ಒಡೆಯನು ನೌಕರನ ಕೊಯ್ಲಿನ ತೂಕದಲ್ಲಿ ಅರ್ಧ ಕಿಲೋ ಮುರಿದರೆ ಅದಕ್ಕೆ ಕಳವು ಎಂಬ ಹೆಸರನ್ನು ನಮ್ಮ ಬಾಯಿ ಸುಲಭವಾಗಿ ಕೊಡುವುದಿಲ್ಲ. ಹೀನಾಧಿಕಮಾನೋನ್ಮಾನವೆಂಬ ಹೆಸರನ್ನು ಆಚಾರ್ಯರು ಕೊಟ್ಟಿದ್ದಾರೆ.

ಇಷ್ಟು ವರ್ಷಗಳ ಮೇಲೆ ಈ ಮಾತನ್ನು ಎತ್ತಲು ಕಾರಣವಿದೆ. 2024–25ರ ಸುಗ್ಗಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ ಐವತ್ತು ಕಿಲೋ ಮೂಟೆ ಇಪ್ಪತ್ತು ಸಾವಿರ ರೂಪಾಯಿಗಳನ್ನು ದಾಟಿತು. ಕಣದಲ್ಲಿ ಹರಡಿದ ಕಾಫಿ ಈಗ ಹರಡಿದ ನೋಟಿನಂತೆ ಕಾಣುತ್ತದೆ. ಗೋದಾಮಿಗೆ ಇಮ್ಮಡಿ ಬೀಗ, ಕಣದ ನಾಲ್ಕು ಮೂಲೆಗಳಿಗೆ ಕ್ಯಾಮರಾ, ಸಂಜೆ ಕೆಲಸ ಬಿಡುವಾಗ ಹೆಂಗಸರ ಬುತ್ತಿಚೀಲದ ತಪಾಸಣೆ. ಹಿಂದೆ ತೋಟದ ಅಂಚಿನ ಭೂತದ ಕಲ್ಲು, ಚೌಡಿಯ ಮರ, ಧರ್ಮಸ್ಥಳದ ಆಣೆಯ ಭಯ ಮಾಡುತ್ತಿದ್ದ ಕಾವಲನ್ನು ಇಂದು ತಂತಿ ಮತ್ತು ಗಾಜು ಮಾಡಬೇಕಾಗಿದೆ. ಕಳವನ್ನು ತಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಮಾಯವಾದ ಸಣ್ಣ ಬೆಳೆಗಾರನ ಸಂಕಟ ಸಾಮಾನ್ಯವಾದುದಲ್ಲ. ಆದರೆ ಆಣೆಯ ಭಯ ಕದ್ದವನಿಗೂ ಕೊಂಡವನಿಗೂ ಸಮನಾಗಿತ್ತು. ಕ್ಯಾಮರಾ ಕಾಣುವುದು ಕಣವನ್ನು ಮಾತ್ರ. ಮಾಲು ಇಳಿಯುವ ಅಂಗಡಿಯ ಹಿಂಬಾಗಿಲನ್ನು ಅದು ಕಾಣುವುದಿಲ್ಲ. ಕದ್ದ ಕಾಫಿಯನ್ನು ಯಾರೂ ಮನೆಯಲ್ಲಿ ಕುಡಿದು ಮುಗಿಸಲಾರರು. ಅದು ಎಲ್ಲಿಯೋ ತೂಗಲ್ಪಡಲೇಬೇಕು, ಯಾರದೋ ಚೀಲ ಸೇರಲೇಬೇಕು. ಕೊಳ್ಳುವ ಕೈ ಇಲ್ಲದಿದ್ದರೆ ಕದಿಯುವ ಕೈಗೆ ಕೆಲಸವಿಲ್ಲ.

ಕಾವಲು ಅತಿಯಾದಾಗ ಅದೇ ಅಪರಾಧವಾಗುವುದೂ ಉಂಟು. 2022ರ ಅಕ್ಟೋಬರ್ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಸಾಲ ತೀರಿಸಲಿಲ್ಲವೆಂದು ದಲಿತ ಕಾರ್ಮಿಕರನ್ನು, ಅವರಲ್ಲಿ ಒಬ್ಬ ಗರ್ಭಿಣಿಯನ್ನೂ ಸೇರಿಸಿ, ಕೂಡಿಹಾಕಲಾಗಿತ್ತೆಂಬ ದೂರು ದಾಖಲಾಗಿ ದೇಶವೆಲ್ಲ ನಮ್ಮ ಬೆಟ್ಟಗಳತ್ತ ನೋಡುವಂತಾಯಿತು. ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ 1976ರದು. ಸಾಲ ಕೊಟ್ಟವನಿಗೆ ಸಾಲಗಾರನ ಕಾಲಿನ ಮೇಲೆ ಹಕ್ಕಿಲ್ಲವೆಂಬುದು ಅಂದೇ ತೀರ್ಮಾನವಾಗಿದೆ. ಆದರೂ ಮುಂಗಡವೆಂಬ ಹಗ್ಗ ತೋಟದಿಂದ ಲೈನಿಗೂ, ವರ್ತಕನಿಂದ ತೋಟಕ್ಕೂ ಇನ್ನೂ ಕಟ್ಟಿಕೊಂಡಿದೆ. ನಮ್ಮ ಕಣದ ಹುಡುಗನನ್ನು ಆ ರಾತ್ರಿ ಎಳೆದದ್ದೂ ಅದೇ ಹಗ್ಗ. ಅಂದು ಸೇರಿದ್ದ ದೊಡ್ಡವರ ನಾಲಿಗೆಯನ್ನು ಬಿಗಿದದ್ದೂ ಅದೇ.

ಸಮಾಜವು ತಪ್ಪಿತಸ್ಥನನ್ನು ಹೊರಗಿಡುವ ಬಗ್ಗೆಯೂ ನಮ್ಮ ಪರಂಪರೆಯಲ್ಲಿ ಗಂಭೀರವಾದ ಆಲೋಚನೆಯಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳಿದೆ. ಅವು ಮುಖ್ಯವಾಗಿ ಮುನಿಗಳಿಗೆ ಸಂಬಂಧಿಸಿದವು. ಆದರೆ ಅವುಗಳ ಕ್ರಮ ಗೃಹಸ್ಥರಿಗೂ ಪಾಠವಾಗಬಲ್ಲದು. ಮೊದಲನೆಯದು ಆಲೋಚನಾ, ಅಂದರೆ ತನ್ನ ದೋಷವನ್ನು ತಾನೇ ಗುರುವಿನ ಮುಂದೆ ನಿವೇದಿಸುವುದು. ಎಂಟನೆಯದು ಪರಿಹಾರ, ಅಂದರೆ ಗೊತ್ತುಪಡಿಸಿದ ಅವಧಿಯವರೆಗೆ ಸಂಘದಿಂದ ದೂರವಿಡುವುದು. ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಒಂಬತ್ತನೆಯದು ಉಪಸ್ಥಾಪನ, ಅಂದರೆ ಮರಳಿ ದೀಕ್ಷೆಯಲ್ಲಿ ನೆಲೆಗೊಳಿಸುವುದು. ಹೊರಗಿಡುವುದಕ್ಕೆ ಕಾಲಮಿತಿಯುಂಟು, ಅದರ ಮುಂದೆ ಒಳಕ್ಕೆ ಕರೆದುಕೊಳ್ಳುವ ಬಾಗಿಲುಂಟು. ಶಿಕ್ಷೆಯ ಗುರಿ ಮನುಷ್ಯನನ್ನು ಕಳೆದುಕೊಳ್ಳುವುದಲ್ಲ, ಮರಳಿ ಪಡೆಯುವುದು. ನಮ್ಮ ಕಣದ ತೀರ್ಪಿನಲ್ಲಿ ಎಂಟನೆಯದಷ್ಟೇ ಇತ್ತು, ಅದೂ ಅವಧಿಯಿಲ್ಲದೆ. ಮೊದಲನೆಯದನ್ನು ಯಾರೂ ವರ್ತಕರಿಂದ ಅಪೇಕ್ಷಿಸಲಿಲ್ಲ. ಒಂಬತ್ತನೆಯದನ್ನು ಯಾರೂ ಹುಡುಗನಿಗೆ ನೀಡಲಿಲ್ಲ.

ಈ ಪತ್ರಿಕೆಯನ್ನು ಓದುವವರಲ್ಲಿ ಬಸದಿಗಳ ಆಡಳಿತ ಹೊತ್ತವರು ಅನೇಕರಿದ್ದಾರೆ. ಅವರ ಮುಂದೆ ಒಂದು ವಿಚಾರವನ್ನು ವಿನಯದಿಂದ ಇಡುತ್ತೇನೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಾಗಲು ಯೋಗ್ಯನಾದವನ ಗುಣಗಳನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಎಣಿಸಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ, ದಾನಗಳ ಮಾತು ಅನಂತರ ಬರುತ್ತದೆ. ಜೀರ್ಣೋದ್ಧಾರಕ್ಕೆ ಹಣ ಬೇಕು, ನಿಜ. ಅಂಗಡಿಯಲ್ಲಿರುವ ಮುರುಕು ಬಸದಿಗಳನ್ನು, ಮಲೆನಾಡಿನ ಮಳೆಗೆ ಸೋರುವ ಹೆಂಚುಗಳನ್ನು ಕಂಡವರಿಗೆ ಅದು ಗೊತ್ತು. ಆದರೆ ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಾಗ ಸಂಘವು ಅವನ ನಡತೆಗೆ ತನ್ನ ಮುದ್ರೆಯನ್ನೂ ಒತ್ತುತ್ತದೆ. ಊರಿನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಪೋಲೀಸರಿಗೂ ನ್ಯಾಯಾಲಯಕ್ಕೂ ಇಲ್ಲದ ಒಂದು ಅಧಿಕಾರ, ಗೌರವವನ್ನು ಕೊಡುವ ಮತ್ತು ತಡೆಹಿಡಿಯುವ ಅಧಿಕಾರ, ನಮ್ಮ ಸಂಸ್ಥೆಗಳಿಗಿದೆ. ಅದನ್ನು ನಾವು ಬಡವನ ಮೇಲೆ ತತ್‌ಕ್ಷಣ ಬಳಸುತ್ತೇವೆ. ಉಳ್ಳವನ ಮೇಲೆ ಬಳಸಲು ಮುಹೂರ್ತ ಕೂಡಿಬರುವುದಿಲ್ಲ.

ಮಾಡಬಹುದಾದದ್ದು ಬಹಳ ದೊಡ್ಡದೇನೂ ಅಲ್ಲ. ಕಾಫಿ, ಮೆಣಸು ಕೊಳ್ಳುವ ನಮ್ಮವರು ಪ್ರತಿ ಚೀಲದ ಮುಂದೆ ತಂದವನ ಹೆಸರನ್ನೂ ತೋಟವನ್ನೂ ಬರೆದುಕೊಳ್ಳಲಿ. ಕತ್ತಲಾದ ಮೇಲೆ ತೂಗದಿರಲಿ. ತೋಟ ಉಳ್ಳ ನಮ್ಮವರು ಕೊಯ್ಲಿನ ತಕ್ಕಡಿಯನ್ನು ಕೊಯ್ದವರ ಕಣ್ಣೆದುರಿಗೆ ನಿಲ್ಲಿಸಲಿ, ಮುಂಗಡದ ಲೆಕ್ಕವನ್ನು ಬರೆದು ಅವರ ಕೈಗೂ ಒಂದು ಪ್ರತಿ ಕೊಡಲಿ. ಪುಡಿ ಮಾರುವವರು ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಓದಲು ಬರುವ ಅಕ್ಷರಗಳಲ್ಲಿ ಮುದ್ರಿಸಲಿ. ನೂರಕ್ಕೆ ನಲವತ್ತೊಂಬತ್ತರವರೆಗೆ ಬೆರೆಸಲು ಕಾನೂನು ಅನುಮತಿಸಿದೆ, ಮರೆಮಾಚಲು ಅನುಮತಿಸಿಲ್ಲ. ಮೊದಲ ಬಾರಿಗೆ ತಪ್ಪಿದ ಎಳೆಯರ ವಿಷಯದಲ್ಲಿ ಕಣದ ತೀರ್ಪಿಗೆ ಒಂದು ಅವಧಿಯನ್ನೂ ಅದರ ಕೊನೆಗೆ ಒಂದು ಕೆಲಸವನ್ನೂ ಸೇರಿಸಲಿ. ಇವಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. ಪ್ರತಿ ವರ್ಷ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಕೇಳುವ ಪ್ರವಚನವು ಮರುದಿನ ಗೋದಾಮಿನ ಬಾಗಿಲವರೆಗೂ ನಡೆದು ಬಂದರೆ ಸಾಕು.

ಪರ್ವದ ಕೊನೆಯಲ್ಲಿ ನಾವು ಕ್ಷಮಾವಣಿಯನ್ನು ಆಚರಿಸುತ್ತೇವೆ. ಬಂಧುಗಳಿಗೆ, ಸ್ನೇಹಿತರಿಗೆ, ದೂರದ ಊರಿನ ಪರಿಚಿತರಿಗೆ ಪತ್ರ ಬರೆದು ತಿಳಿದೋ ತಿಳಿಯದೆಯೋ ಆದ ಅಪರಾಧಗಳಿಗೆ ಕ್ಷಮೆ ಕೇಳುತ್ತೇವೆ. ಲೈನಿನ ಮನೆಗಳಿಗೆ ಆ ಪತ್ರ ಹೋಗುವ ರೂಢಿಯಿಲ್ಲ. ಅಂಚೆಯ ಅವಶ್ಯಕತೆಯೂ ಅಲ್ಲಿಗಿಲ್ಲ. ನಡೆದು ಹೋಗುವಷ್ಟು ದೂರವಷ್ಟೆ.